ಪ್ರಾಟ್ ತಂತ್ರಾಂಶ: ಆಮ್‌ಸ್ಟರ್‌ಡ್ಯಾಮಿನ ಅಳತೆಗೋಲಿನಲ್ಲಿ ಕನ್ನಡ ಅಳೆಯುವುದು ಹೇಗೆ, ಎಡವುವುದು ಎಲ್ಲಿ

ಭಾಷಾವಿಜ್ಞಾನ ವಿಭಾಗಗಳ ಸಾಧನೆ ಎಂದರೆ ಸಾಮಾನ್ಯವಾಗಿ ವಾರ್ಷಿಕ ವರದಿಯ ಒಂದು ಪುಟ: ಇಷ್ಟು ಪಿಎಚ್‌ಡಿ, ಇಷ್ಟು ಪ್ರಬಂಧ, ಒಂದು ವಿಚಾರಸಂಕಿರಣ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಧ್ವನಿವಿಜ್ಞಾನಿಗಳ ಸಾಧನೆಯನ್ನು ಮಾತ್ರ ಯಾರು ಬೇಕಾದರೂ ಇಳಿಸಿಕೊಂಡು ಓಡಿಸಿ ನೋಡಬಹುದು. ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಬರೆಯತೊಡಗಿದ ಪ್ರಾಟ್, ಮಾತಿನ ಧ್ವನಿಯನ್ನು ಅಳೆಯುವ, ಕತ್ತರಿಸುವ, ಗುರುತು ಹಾಕುವ, ಬೇಕಾದರೆ ಹೊಸದಾಗಿ ಹುಟ್ಟಿಸುವ ತಂತ್ರಾಂಶ. ಪುಕ್ಕಟೆ. ಮೂಲಸಂಕೇತವೂ ತೆರೆದಿದೆ, ಜಿಪಿಎಲ್ ಪರವಾನಗಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ ತಂತ್ರಾಂಶಗಳು ಅನುದಾನ ಮುಗಿದ ಮರುವರ್ಷವೇ ಧೂಳು ಹಿಡಿಯುವುದನ್ನು ಕಂಡವರಿಗೆ, ಇದು ಮೂವತ್ತು ವರ್ಷ ದಾಟಿಯೂ ಮೇಲಿಂದ ಮೇಲೆ ಹೊಸ ಆವೃತ್ತಿ ಕಾಣುತ್ತಿರುವುದೇ ಮೊದಲ ಅಂಕ ಕೊಡಬೇಕಾದ ಸಂಗತಿ.

ಎರಡನೆಯ ಸಂಗತಿ ಅಷ್ಟು ಹಿತವಾದದ್ದಲ್ಲ. ಪ್ರಾಟ್ ತಕ್ಕಡಿಯ ಹಾಗೆ, ಏನನ್ನು ಇಟ್ಟರೂ ತೂಗಿ ಒಂದು ಸಂಖ್ಯೆ ಕೊಡುತ್ತದೆ. ಇಟ್ಟದ್ದು ಊ ಸ್ವರವೋ, ಫ್ಯಾನಿನ ಸದ್ದೋ ಎಂದು ಅದು ಕೇಳುವುದಿಲ್ಲ. ನಮ್ಮ ಕಡೆಯ ಎಂಎ ಕಿರುಪ್ರಬಂಧಗಳಲ್ಲಿ, ವಾಕ್ಚಿಕಿತ್ಸೆಯ ವರದಿಗಳಲ್ಲಿ ಕಾಣುವ ವಿಚಿತ್ರ ಅಂಕಿಗಳ ಮೂಲ ಬಹುಮಟ್ಟಿಗೆ ತಂತ್ರಾಂಶದ ದೋಷವಲ್ಲ, ಮುಟ್ಟದೆ ಬಿಟ್ಟ ಸೆಟ್ಟಿಂಗುಗಳು. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅವುಗಳ ಬಗ್ಗೆಯೇ.

ಇಳಿಸಿಕೊಳ್ಳುವುದಕ್ಕೆ ಹೆಚ್ಚು ಹೇಳಬೇಕಿಲ್ಲ. ಇನ್‌ಸ್ಟಾಲ್ ಎಂಬ ಹಂತವೇ ಇಲ್ಲ. ವಿಂಡೋಸ್‌ನಲ್ಲಿ ಜಿಪ್ ಬಿಚ್ಚಿದರೆ ಒಂದೇ ಒಂದು ಕಡತ, ಅದನ್ನೇ ಒತ್ತಬೇಕು. ಪೆನ್‌ಡ್ರೈವಿನಲ್ಲಿಟ್ಟುಕೊಂಡು ಕಾಲೇಜಿನ ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು. ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆಯೆಂದೇ ಗೊತ್ತಿಲ್ಲದ ಲ್ಯಾಬುಗಳಲ್ಲಿ ಇದು ಸಣ್ಣ ವರವಲ್ಲ.

ತೆರೆದೊಡನೆ ಎರಡು ಕಿಟಕಿ ಬರುತ್ತವೆ. ಪಿಕ್ಚರ್ ಎಂಬುದನ್ನು ಸದ್ಯಕ್ಕೆ ಮುಚ್ಚಿಬಿಡಿ, ಪ್ರಬಂಧಕ್ಕೆ ಚಿತ್ರ ಬೇಕಾದಾಗ ಮಾತ್ರ ಅದರ ಕೆಲಸ. ಕೆಲಸವೆಲ್ಲ ಆಬ್ಜೆಕ್ಟ್ಸ್ ಕಿಟಕಿಯಲ್ಲಿ. ಎಡಗಡೆ ಪಟ್ಟಿ, ಬಲಗಡೆ ಗುಂಡಿಗಳು. ಪಟ್ಟಿಯಲ್ಲಿ ಏನನ್ನು ಆರಿಸಿದ್ದೀರೋ ಅದಕ್ಕೆ ತಕ್ಕಂತೆ ಗುಂಡಿಗಳು ಬದಲಾಗುತ್ತವೆ. "ಆ ಗುಂಡಿ ನನ್ನ ಪ್ರಾಟ್‌ನಲ್ಲಿ ಇಲ್ಲ" ಎಂಬ ದೂರಿನ ಹಿಂದೆ ಹತ್ತಕ್ಕೆ ಒಂಬತ್ತು ಸಲ ತಪ್ಪು ಆಯ್ಕೆ ಇರುತ್ತದೆ: ಧ್ವನಿ ಮತ್ತು ಟೆಕ್ಸ್ಟ್‌ಗ್ರಿಡ್ (ಧ್ವನಿಗೆ ಹಾಕಿದ ಗುರುತುಗಳ ಕಡತ) ಎರಡನ್ನೂ ಕಂಟ್ರೋಲ್ ಒತ್ತಿ ಒಟ್ಟಿಗೆ ಆರಿಸಬೇಕಾದಲ್ಲಿ ಒಂದನ್ನೇ ಆರಿಸಿರುತ್ತಾರೆ. ಪಟ್ಟಿಯಲ್ಲಿರುವುದು ಸ್ಮೃತಿಯಲ್ಲಿ ಮಾತ್ರ ಇರುತ್ತದೆ, ಡಿಸ್ಕಿನಲ್ಲಿ ಅಲ್ಲ ಎಂಬುದನ್ನೂ ನೆನಪಿಡಬೇಕು. ತನ್ನಷ್ಟಕ್ಕೆ ಉಳಿಸುವ ಏರ್ಪಾಟು ಇಲ್ಲ. ಕರೆಂಟ್ ಹೋದರೆ ಮಧ್ಯಾಹ್ನವಿಡೀ ಹಾಕಿದ ಗುರುತುಗಳು ಹೋದವು.

ಉದ್ದದ ಧ್ವನಿಮುದ್ರಣ ತೆರೆಯುವಾಗಲೂ ಇದೇ ಕಾರಣಕ್ಕೆ ತೊಂದರೆ. ಪ್ರಾಟ್ ಪ್ರತಿ ಸ್ಯಾಂಪಲನ್ನು (ಅಲೆಯ ಒಂದು ಕ್ಷಣದ ಅಳತೆಯನ್ನು) 8 ಬೈಟಿನಲ್ಲಿ ಇಟ್ಟುಕೊಳ್ಳುತ್ತದೆ. 44,100 ಹರ್ಟ್ಸ್‌ನ ಒಂದು ಗಂಟೆಯ ಮೊನೊ ಕಡತ ಡಿಸ್ಕಿನಲ್ಲಿ ಸುಮಾರು 317 ಎಂಬಿ, ಪ್ರಾಟ್‌ನೊಳಗೆ ಸುಮಾರು 1.27 ಜಿಬಿ. ಕ್ಷೇತ್ರಕಾರ್ಯದ ಉದ್ದುದ್ದ ಸಂದರ್ಶನಗಳನ್ನು "ಓಪನ್ ಲಾಂಗ್ ಸೌಂಡ್ ಫೈಲ್" ಮೂಲಕ ತೆರೆದರೆ ಕಡತ ಡಿಸ್ಕಿನಲ್ಲೇ ಉಳಿದು, ಕಾಣುವ ತುಂಡು ಮಾತ್ರ ಒಳಗೆ ಬರುತ್ತದೆ.

ಮುದ್ರಣ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ

ಪ್ರಾಟ್‌ನ ಒಳಗೇ ರೆಕಾರ್ಡರ್ ಇದೆ. ಚಿಕ್ಕ ಪದಪಟ್ಟಿಗೆ ಸಾಕು, ಸಂದರ್ಶನಕ್ಕೆ ಬೇಡ: ಅದರ ಬಫರಿಗೆ ಮಿತಿಯಿದೆ, ತುಂಬಿದಾಗ ಮುದ್ರಣ ನಿಲ್ಲುತ್ತದೆ. ಮೊನೊ, 44,100 ಹರ್ಟ್ಸ್ ಇಡಿ. ಮೈಕ್ ಬಾಯಿಯಿಂದ ಒಂದು ಗೇಣಿನಷ್ಟು ದೂರ, ನೇರ ಎದುರಿಗಲ್ಲ, ಸ್ವಲ್ಪ ಬದಿಗೆ. ಎದುರಿಗಿಟ್ಟರೆ ಪ, ಬ, ಫ ಹೇಳುವಾಗ ಗಾಳಿ ನುಗ್ಗಿ ಅಲೆಯ ಆಕಾರವೇ ಕೆಡುತ್ತದೆ. ಮೀಟರು ಕೆಂಪಿಗೆ ಹೋಗಬಾರದು. ಹೋದರೆ ಅಲೆಯ ತುದಿ ಚಪ್ಪಟೆಯಾಗಿ, ಇಲ್ಲದ ಹಾರ್ಮೋನಿಕ್‌ಗಳು (ಪಿಚ್‌ನ ಇಮ್ಮಡಿ, ಮುಮ್ಮಡಿ ಕಂಪನಗಳು) ಹುಟ್ಟುತ್ತವೆ. "ಸ್ಕೇಲ್ ಪೀಕ್" ಆಜ್ಞೆ ಸದ್ದನ್ನು ಏರಿಸುತ್ತದೆ, ಇಳಿಸುತ್ತದೆ, ಕತ್ತರಿಸಿಹೋದ ತುದಿಯನ್ನು ಮರಳಿ ತರುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಮುದ್ರಿಸುವವರು ಮೊದಲು ಕಂಪ್ಯೂಟರಿನ ಧ್ವನಿ ಸೆಟ್ಟಿಂಗಿಗೆ ಹೋಗಿ ಗದ್ದಲ ತಗ್ಗಿಸುವ ಸೌಲಭ್ಯವನ್ನು ನಿಲ್ಲಿಸಿಬಿಡಬೇಕು. ಮೀಟಿಂಗಿಗೆ ಅದು ಒಳ್ಳೆಯದು. ಧ್ವನಿವಿಜ್ಞಾನಕ್ಕೆ ಶತ್ರು: ಹ, ಸ, ಮಹಾಪ್ರಾಣದ ಉಸಿರು, ವಾಕ್ಯದ ಕೊನೆಯ ಕ್ಷೀಣ ಸ್ವರ ಎಲ್ಲವನ್ನೂ ಅದು ಗದ್ದಲವೆಂದು ಒರೆಸಿಹಾಕುತ್ತದೆ. ಫ್ಯಾನ್ ನಿಲ್ಲಿಸಿ. ಚಾರ್ಜರ್ ಕಿತ್ತಿಡಿ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ 100, 150ರಲ್ಲೂ ಪ್ರತಿಧ್ವನಿಸುತ್ತದೆ, ಗಂಡಸರ ಪಿಚ್ ಇರುವುದೂ ಅಲ್ಲೇ. ಪಿಚ್ ತೋರಿಸುವ ನೀಲಿ ಗೆರೆ ಮೌನದ ಜಾಗದಲ್ಲಿ ಅಲುಗಾಡದೆ ಕಂಡರೆ ಅದು ಮಾತುಗಾರನ ಕಂಠವಲ್ಲ, ವೈರಿಂಗು.

ಫೋನಿನಲ್ಲಿ ಮುದ್ರಿಸಬಹುದು, ವೇವ್ ಕಡತ ಕೊಡುವ ಆ್ಯಪ್ ಇದ್ದರೆ. ವಾಟ್ಸಾಪ್ ಧ್ವನಿಸಂದೇಶವನ್ನು ಕಾಲಾವಧಿ ಅಳೆಯಲು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಬಹುದು. ಸ-ಶ-ಷ ಹೋಲಿಕೆಗೆ, ಕಂಠದ ಗುಣಮಟ್ಟಕ್ಕೆ ಒಪ್ಪಲಾಗದು. ಸಂಕುಚನ ಮೊದಲು ಕಚ್ಚುವುದೇ ಆ ಭಾಗವನ್ನು.

ಪದಗಳನ್ನು ಬಿಡಿಬಿಡಿಯಾಗಿ ಓದಿಸುವುದು ಇನ್ನೊಂದು ರೂಢಿಯ ತಪ್ಪು. ಬಿಡಿ ಪದದ ಮೊದಲ ಕ, ಪ, ತಗಳ ಮುಚ್ಚುವಿಕೆ ಎಲ್ಲಿ ಶುರುವಾಯಿತೆಂದು ಯಾವ ಯಂತ್ರಕ್ಕೂ ಕಾಣದು, ಏಕೆಂದರೆ ಹಿಂದೆಯೂ ಮೌನವೇ. ಕೊನೆಯ ಸ್ವರವೂ ಎಳೆದುಕೊಳ್ಳುತ್ತದೆ. ವಾಕ್ಯದ ಚೌಕಟ್ಟು ಬೇಕು. ಎಲ್ಲರೂ ಬಳಸುವ "ನಾನು ... ಅಂತ ಹೇಳಿದೆ" ಕನ್ನಡಕ್ಕೆ ಕೆಟ್ಟ ಚೌಕಟ್ಟು: ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತವೆ, ಮುಂದಿನ "ಅಂತ"ದ ಅಕಾರ ಅದಕ್ಕೆ ಅಂಟಿಕೊಂಡು ಗಡಿಯೇ ಮಾಯ. ಸಂಧಿ ಮಾಡದೆ ಓದಿ ಎಂದರೆ ಓದುಗ ಅಸಹಜವಾಗಿ ನಿಲ್ಲುತ್ತಾನೆ. "ಈಗ ... ಪದ ಓದು" ಎಂಬುದು ವಾಸಿ. ಮುಂದೆ ಪಕಾರದ ಮುಚ್ಚುವಿಕೆ ಇರುವುದರಿಂದ ಸ್ವರ ಎಲ್ಲಿ ಮುಗಿಯಿತೆಂದು ಗೆರೆ ಎಳೆದಂತೆ ಕಾಣುತ್ತದೆ. ಪ್ರತಿ ಪದ ಐದು ಸಲ, ಕ್ರಮ ಕಲಸಿ. ಜೋಡಿಗಳನ್ನು ಅಕ್ಕಪಕ್ಕ ಇಟ್ಟರೆ ಓದುಗ ವ್ಯತ್ಯಾಸವನ್ನು ಬೇಕೆಂದೇ ಹಿಗ್ಗಿಸುತ್ತಾನೆ.

ಗುರುತು ಹಾಕುವುದು

ಧ್ವನಿಯನ್ನು ಆರಿಸಿ, ಅನೊಟೇಟ್, ಟು ಟೆಕ್ಸ್ಟ್‌ಗ್ರಿಡ್. ತೆರೆಯುವ ಪೆಟ್ಟಿಗೆಯಲ್ಲಿ ಮೊದಲೇ "ಮೇರಿ ಜಾನ್ ಬೆಲ್" ಎಂದು ಬರೆದಿರುತ್ತದೆ. ಅದು ಮಾದರಿ ಅಷ್ಟೆ. ಹಾಗೇ ಸರಿ ಒತ್ತಿ, ಮೇರಿ ಎಂಬ ಪಟ್ಟಿಯಲ್ಲಿ (ಅಲೆಯ ಕೆಳಗಿನ ಗುರುತಿನ ಸಾಲಿನಲ್ಲಿ) ಕುಂದಾಪುರದ ಅಜ್ಜಿಯ ಮಾತಿಗೆ ಗುರುತು ಹಾಕಿದ ಕಡತಗಳು ಇಲ್ಲದಿಲ್ಲ. ಅಳಿಸಿ, ನಿಮ್ಮ ಪಟ್ಟಿಗಳ ಹೆಸರು ಕೊಡಿ: ಒಂದು ಪದಕ್ಕೆ, ಒಂದು ಧ್ವನಿಗೆ. ಹೆಸರುಗಳ ನಡುವೆ ಒಂದು ಜಾಗ ಬಿಟ್ಟರೆ ಬೇರೆ ಪಟ್ಟಿ ಎಂದರ್ಥ, ಆದ್ದರಿಂದ ಎರಡು ಶಬ್ದಗಳ ಹೆಸರು ಬೇಡ. ಕೆಳಗಿನ ಪೆಟ್ಟಿಗೆಯಲ್ಲಿ ಬರೆದ ಪಟ್ಟಿಗಳು ಬಿಂದುಪಟ್ಟಿಗಳಾಗುತ್ತವೆ. ಸ್ಫೋಟದ ಕ್ಷಣ (ಕ, ಪ, ತಗಳಲ್ಲಿ ತಡೆದ ಗಾಳಿ ಹೊರಸಿಡಿಯುವ ಕ್ಷಣ) ಗುರುತಿಸಲು ಅಂಥ ಒಂದು ಬೇಕು, ಉಳಿದವಕ್ಕೆ ಖಾಲಿ ಬಿಡಿ. ಆಮೇಲೆ ಎರಡನ್ನೂ ಒಟ್ಟಿಗೆ ಆರಿಸಿ ವ್ಯೂ ಅಂಡ್ ಎಡಿಟ್. ಅಲೆಯ ಮೇಲೆ ಒತ್ತಿ ಎಂಟರ್ ಒತ್ತಿದರೆ ಗಡಿ ಬೀಳುತ್ತದೆ. ಟ್ಯಾಬ್ ಒತ್ತಿದರೆ ಆರಿಸಿದ ತುಂಡು ಕೇಳಿಸುತ್ತದೆ. ಕಂಟ್ರೋಲ್ ಎನ್ ಆಯ್ದ ತುಂಡನ್ನು ಹಿಗ್ಗಿಸುತ್ತದೆ, ಕಂಟ್ರೋಲ್ ಎ ಪೂರ್ತಿ ತೋರಿಸುತ್ತದೆ. ಸ್ಪೆಕ್ಟ್ರೋಗ್ರಾಂ (ಯಾವ ಕ್ಷಣದಲ್ಲಿ ಯಾವ ಕಂಪನ ಎಷ್ಟು ಬಲವಾಗಿದೆ ಎಂದು ತೋರಿಸುವ ಚಿತ್ರ) ಕಾಣದೆ ಬರೀ ಸೂಚನೆ ಕಂಡರೆ ಗಾಬರಿ ಬೇಡ, ಹತ್ತು ಸೆಕೆಂಡಿಗಿಂತ ಉದ್ದದ ತುಂಡಿಗೆ ಅದು ತೋರಿಸುವುದಿಲ್ಲ. ಹಿಗ್ಗಿಸಿದರೆ ಬರುತ್ತದೆ.

ಗುರುತುಗಳನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದೇ? ಬರೆಯಬಹುದು, ಯೂನಿಕೋಡ್ ಒಪ್ಪುತ್ತದೆ. ಪದದ ಪಟ್ಟಿಗೆ ಕನ್ನಡವೇ ಚೆಂದ. ಧ್ವನಿಯ ಪಟ್ಟಿಗೆ ಬೇಡ. ಕತ್ತೆ ಪದದಲ್ಲಿ ತ್ತೆ ಎಂಬ ಒಂದೇ ಅಕ್ಷರದೊಳಗೆ ಮುಚ್ಚುವಿಕೆ, ಸ್ಫೋಟ, ಸ್ವರ ಮೂರು ತುಂಡು. ಅವಕ್ಕೆ ಬೇರೆಬೇರೆ ಗುರುತು ಕನ್ನಡದಲ್ಲಿ ಬರೆಯಹೋದರೆ ಅನಾಥ ಒತ್ತುಗಳೂ ಸ್ವರಚಿಹ್ನೆಗಳೂ ಚುಕ್ಕೆವೃತ್ತದ ಮೇಲೆ ಕೂತು ಅಣಕಿಸುತ್ತವೆ. ಅಲ್ಲಿ ಅಂತರರಾಷ್ಟ್ರೀಯ ಧ್ವನಿಲಿಪಿಯೇ ಸರಿ. ಮೂರ್ಧನ್ಯಕ್ಕೆ ಪ್ರಾಟ್‌ನ ಒಳದಾರಿ ಸುಲಭ: ಬ್ಯಾಕ್‌ಸ್ಲ್ಯಾಶ್, ರೋಮನ್ ಅಕ್ಷರ, ಚುಕ್ಕೆ. ಟಿ ಬರೆದರೆ ಟಕಾರ, ಡಿ ಬರೆದರೆ ಡಕಾರ, ಎನ್‌ಗೆ ಣ, ಎಲ್‌ಗೆ ಳ ಸಿಗುತ್ತದೆ.

ಕನ್ನಡ ಬರೆದವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಪ್ರಾಟ್ ಟೆಕ್ಸ್ಟ್‌ಗ್ರಿಡ್ ಉಳಿಸುವಾಗ ಮೊದಲು ಆಸ್ಕಿ (ಬರೀ ಇಂಗ್ಲಿಷ್ ಅಕ್ಷರಗಳ ಸಂಕೇತ) ಪ್ರಯತ್ನಿಸುತ್ತದೆ, ಆಗದಿದ್ದರೆ ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-16. ಒಂದೇ ಒಂದು ಕನ್ನಡ ಅಕ್ಷರ ಇದ್ದರೂ ಕಡತ ಯುಟಿಎಫ್-16 ಆಗುತ್ತದೆ, ಇಲ್ಲದ ಕಡತಗಳು ಆಸ್ಕಿಯಾಗಿಯೇ ಉಳಿಯುತ್ತವೆ. ಒಂದೇ ಫೋಲ್ಡರಿನ ನೂರು ಕಡತದಲ್ಲಿ ಎಂಬತ್ತನ್ನು ಪೈಥಾನ್ ಪ್ರೋಗ್ರಾಂ ಓದುತ್ತದೆ, ಇಪ್ಪತ್ತಕ್ಕೆ ಬೈಯುತ್ತದೆ. ಸೆಟ್ಟಿಂಗ್‌ಗಳಲ್ಲಿ ಪಠ್ಯ ಬರೆಯುವ ಆಯ್ಕೆಯನ್ನು ಯುಟಿಎಫ್-8 ಎಂದು ಮೊದಲ ದಿನವೇ ಬದಲಿಸಿಬಿಟ್ಟರೆ ಮುಗಿಯಿತು.

ಹ್ರಸ್ವ-ದೀರ್ಘ ಅಳೆಯಲು ಬಳೆ-ಬಾಳೆ ಜೋಡಿಯನ್ನು ಎಲ್ಲರೂ ಹಿಡಿಯುತ್ತಾರೆ, ಕಿವಿಗೆ ಅದು ಚೊಕ್ಕ, ಕಣ್ಣಿಗೆ ಅಲ್ಲ. ಳಕಾರ ಸ್ವರದೊಳಗೆ ಜಾರಿಕೊಳ್ಳುತ್ತದೆ, ಇಬ್ಬರು ಗುರುತು ಹಾಕಿದರೆ ಎರಡು ಗಡಿ. ಪತಿ-ಪಾತಿ ಹಿಡಿಯಿರಿ: ಎರಡೂ ಬದಿಗೆ ಅಘೋಷ ಸ್ಪರ್ಶ, ಮೊದಲ ಕಂಠಸ್ಪಂದನದಿಂದ ಸ್ವರ ಶುರು, ಎರಡನೆಯ ಫಾರ್ಮೆಂಟ್ (ಬಾಯಿಯ ಕೊಳವೆಯ ಅನುರಣನ, ಸ್ಪೆಕ್ಟ್ರೋಗ್ರಾಮಿನಲ್ಲಿ ಕಪ್ಪು ಪಟ್ಟಿ) ಅಳಿದಲ್ಲಿ ಸ್ವರ ಮುಗಿಯಿತು. ದೀರ್ಘ ಸುಮಾರು ಎರಡರಷ್ಟು ಬರುವುದು ಸಾಮಾನ್ಯ. ಮಿಲಿಸೆಕೆಂಡುಗಳನ್ನು ಹಾಗೇ ಹೋಲಿಸದೆ ಅದೇ ಮಾತುಗಾರನ ಹ್ರಸ್ವ-ದೀರ್ಘ ಅನುಪಾತ ಹೋಲಿಸಬೇಕು, ವೇಗ ಒಬ್ಬೊಬ್ಬರದು ಒಂದೊಂದು. ದ್ವಿತ್ವಕ್ಕೆ ಕತೆ-ಕತ್ತೆ ಸಾಕು. ಅಲ್ಲಿ ಅಳೆಯಬೇಕಾದ್ದು ಮೌನವನ್ನು, ಸ್ಫೋಟದ ಹಿಂದಿನ ಮುಚ್ಚುವಿಕೆಯನ್ನು. ಬೆವರು, ಹೂವು ತರಹದ ಪದಗಳಲ್ಲಿ ವಕಾರಕ್ಕೆ ಗಡಿಯೇ ಇಲ್ಲ. ಫಾರ್ಮೆಂಟ್ ಇಳಿದು ಏರುವ ಹಾದಿಯ ನಡುಮಧ್ಯ ಹಿಡಿದು, ಹಾಗೆ ಹಿಡಿದೆವೆಂದು ಪ್ರಬಂಧದಲ್ಲಿ ಬರೆಯುವುದೊಂದೇ ದಾರಿ.

ಫಾರ್ಮೆಂಟ್, ಅಂದರೆ ನಿಜವಾದ ಅಪಾಯ

ಸ್ವರಗಳ ಗುಣ ಅಳೆಯುವ ಕೆಂಪು ಚುಕ್ಕೆಗಳು ನೋಡಲು ಬಹಳ ಖಚಿತ. ಅವುಗಳ ಹಿಂದೆ ಎರಡು ಸಂಖ್ಯೆಗಳಿವೆ: ಮೇಲ್ಮಿತಿ 5500 ಹರ್ಟ್ಸ್, ಅದರೊಳಗೆ 5 ಫಾರ್ಮೆಂಟ್. ಇದು ವಯಸ್ಕ ಹೆಂಗಸಿನ ಬಾಯಿಗೆ ಹೊಂದಿಸಿದ್ದು. ಗಂಡಸಿಗೆ 5000, ಪುಟ್ಟ ಮಕ್ಕಳಿಗೆ 8000ದವರೆಗೆ ಏರಿಸಬೇಕು. ಬಾಯಿಯ ಕೊಳವೆ ಉದ್ದವಾದಷ್ಟೂ ಅನುರಣನಗಳು ತಗ್ಗಿ ಒತ್ತೊತ್ತಾಗುತ್ತವೆ. ಐದನ್ನೇ ಹುಡುಕು ಎಂದು ಹೇಳಿದ ಯಂತ್ರಕ್ಕೆ ಜಾಗ ಹೆಚ್ಚಾದರೂ ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ.

ತಪ್ಪು ಯಾವ ಬಗೆಯದೆಂದು ಮೊದಲೇ ತಿಳಿದಿದ್ದರೆ ಹಿಡಿಯುವುದು ಸುಲಭ. ಊ, ಓ ಸ್ವರಗಳಲ್ಲಿ ಮೊದಲ ಎರಡು ಫಾರ್ಮೆಂಟ್‌ಗಳು ತೀರ ಹತ್ತಿರ, ಎರಡೂ 1000 ಹರ್ಟ್ಸ್‌ನ ಆಸುಪಾಸು ಅಥವಾ ಕೆಳಗೆ. ಮೇಲ್ಮಿತಿ ಎತ್ತರವಾದರೆ ಪ್ರಾಟ್ ಅವೆರಡನ್ನೂ ಒಂದೆಂದು ಎಣಿಸಿ, ಮೂರನೆಯದನ್ನು ಎರಡನೆಯದೆಂದು ವರದಿ ಮಾಡುತ್ತದೆ. ಊಕಾರಕ್ಕೆ ಎರಡನೆಯ ಫಾರ್ಮೆಂಟ್ 2400 ಎಂದು ಕಂಡರೆ ಅದು ಹೊಸ ಉಪಭಾಷೆಯಲ್ಲ. ಈಕಾರದಲ್ಲಿ ಇದರ ತಿರುಗುಮುರುಗು: ಮೊದಲ ಮತ್ತು ಎರಡನೆಯದರ ನಡುವೆ ದೊಡ್ಡ ಬಯಲು, ಮೇಲ್ಮಿತಿ ತಗ್ಗಿದ್ದರೆ ಆ ಬಯಲಿನಲ್ಲಿ 1200ರ ಸುತ್ತ ಒಂದು ಕಳ್ಳ ಫಾರ್ಮೆಂಟ್ ಹುಟ್ಟುತ್ತದೆ. ಪರೀಕ್ಷೆ ಹೀಗೆ: ಸ್ಪೆಕ್ಟ್ರೋಗ್ರಾಮಿನ ಕಪ್ಪು ಪಟ್ಟಿಯ ಮೇಲೆಯೇ ಕೆಂಪು ಚುಕ್ಕೆ ಕೂತಿದೆಯೇ? ಬಿಳಿ ಜಾಗದಲ್ಲಿ ಚುಕ್ಕೆ ಇದ್ದರೆ ಮೇಲ್ಮಿತಿಯನ್ನು 200-300 ಹರ್ಟ್ಸ್ ಆಚೀಚೆ ಮಾಡಿ ನೋಡಬೇಕು. ಸ್ವರಕ್ಕೊಂದು ಮೇಲ್ಮಿತಿ ಬೇಕಾಗಬಹುದು, ಅದೇನೂ ಮೋಸವಲ್ಲ, ಬರೆದಿಟ್ಟರೆ ಆಯಿತು.

ಮಕ್ಕಳ ಮತ್ತು ತಾರಸ್ಥಾಯಿಯ ಕಂಠಗಳಲ್ಲಿ ತೊಂದರೆ ಇನ್ನೂ ಆಳ. ಪಿಚ್ 300 ಹರ್ಟ್ಸ್ ಇದ್ದರೆ ಹಾರ್ಮೋನಿಕ್‌ಗಳು 300, 600, 900 ಎಂದು ದೂರದೂರ ಕೂತಿರುತ್ತವೆ, ಅವುಗಳ ನಡುವೆ ಫಾರ್ಮೆಂಟ್ ಎಲ್ಲಿದೆ ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಅಳತೆ ಹತ್ತಿರದ ಹಾರ್ಮೋನಿಕ್‌ಗೆ ಜಾರುತ್ತದೆ. ಸ್ಪೆಕ್ಟ್ರೋಗ್ರಾಮಿನ 0.005 ಸೆಕೆಂಡ್ ಕಿಟಕಿ (ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ತುಂಡು) ಎಂದರೆ ಸುಮಾರು 260 ಹರ್ಟ್ಸ್ ಪಟ್ಟಿಯಗಲ, ಆದ್ದರಿಂದ ಇಂಥ ಕಂಠದಲ್ಲಿ ಕಾಣುವ ಅಡ್ಡಪಟ್ಟಿಗಳು ಫಾರ್ಮೆಂಟ್ ಅಲ್ಲ, ಹಾರ್ಮೋನಿಕ್. ಕಿಟಕಿಯನ್ನು 0.003ಕ್ಕೆ ಇಳಿಸಿದರೆ ಚಿತ್ರ ಸುಧಾರಿಸುತ್ತದೆ, ಅಳತೆಯ ಸಂಕಟ ಹಾಗೇ ಉಳಿಯುತ್ತದೆ.

ಅಳೆಯುವ ಜಾಗ ಸ್ವರದ ಮಧ್ಯ. ಕರ್ಸರ್ ಇಟ್ಟು ಎಫ್1 ಕೀಲಿ ಒತ್ತಿದರೆ ಮೊದಲ ಫಾರ್ಮೆಂಟ್, ಎಫ್2 ಒತ್ತಿದರೆ ಎರಡನೆಯದು, ಎಫ್5ಕ್ಕೆ ಪಿಚ್, ಎಫ್8ಕ್ಕೆ ತೀವ್ರತೆ. ಈ ಒಂದು ಕೀಲಿಯ ಸೌಕರ್ಯಕ್ಕೆ ಪ್ರಾಟ್‌ನ ಹಳೆಯ ಕಾಲದ ಮುಖಚರ್ಯೆಯನ್ನು ಕ್ಷಮಿಸಬಹುದು. ಎರಡು ಎಚ್ಚರಿಕೆ ಮಾತ್ರ. ಒಬ್ಬರಿಗಾಗಿ ಬದಲಿಸಿದ ಸೆಟ್ಟಿಂಗ್ ಮುಂದಿನ ಎಲ್ಲ ಕಡತಕ್ಕೂ ಅಂಟಿಕೊಳ್ಳುತ್ತದೆ: ಮಗುವಿನ ಕಡತ ಮುಗಿಸಿ ಗಂಡಸಿನದನ್ನು ತೆರೆದರೆ 8000ವೇ ಮುಂದುವರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಎಡಿಟರಿನಲ್ಲಿ ಬದಲಿಸಿದ್ದು ಆಬ್ಜೆಕ್ಟ್ಸ್ ಕಿಟಕಿಯ "ಟು ಫಾರ್ಮೆಂಟ್ (ಬುರ್ಗ್)" ಆಜ್ಞೆಗೆ ತಟ್ಟುವುದೇ ಇಲ್ಲ, ಅದರ ಪೆಟ್ಟಿಗೆ ಬೇರೆ. ಕಣ್ಣಿಂದ 5000ದಲ್ಲಿ ಪರೀಕ್ಷಿಸಿ, ಸ್ಕ್ರಿಪ್ಟಿನಿಂದ 5500ರಲ್ಲಿ ಅಳೆದವರು ಎರಡೂ ಏಕೆ ತಾಳೆಯಾಗದೆಂದು ತಲೆ ಕೆರೆದುಕೊಳ್ಳುವುದು ಇದಕ್ಕೇ.

ಮೂರ್ಧನ್ಯಗಳ ಗುರುತು ಮೂರನೆಯ ಫಾರ್ಮೆಂಟ್‌ನಲ್ಲಿ. ಮನೆ-ಮಣೆ, ಕಾಲು-ಕಾಳು ಪಕ್ಕಪಕ್ಕ ಇಟ್ಟು ನೋಡಿ: ಣ, ಳಗಳ ಮುಂಚಿನ ಸ್ವರದ ಕೊನೆಗೆ ಅದು ಕೆಳಗೆ ಬಾಗುತ್ತದೆ. ಮುಂಚಿನ ಸ್ವರದಲ್ಲಿ ಎಂಬುದೇ ಮುಖ್ಯ. ನಾಲಗೆ ಹಿಂದಕ್ಕೆ ಮಡಿಚಿ ಅಂಗುಳಕ್ಕೆ ತಾಗಿ, ಬಿಡುವ ಹೊತ್ತಿಗೆ ಮುಂದಕ್ಕೆ ಜಾರಿಬಿಟ್ಟಿರುತ್ತದೆ, ಹಾಗಾಗಿ ನಂತರದ ಸ್ವರದಲ್ಲಿ ಮಡಿಚಿದ ಗುರುತು ಪೇಲವ. ದಂತ್ಯಗಳಿಗೆ ಮಾಡಿದಂತೆ ನಂತರದ ಸ್ವರದಲ್ಲಿ ಅಳೆದು "ವ್ಯತ್ಯಾಸ ಸಿಗಲಿಲ್ಲ" ಎಂದು ತೀರ್ಮಾನಿಸುವುದು ದುಡುಕು.

ಅಲ್ಪಪ್ರಾಣ-ಮಹಾಪ್ರಾಣಕ್ಕೆ ಸ್ಫೋಟದಿಂದ ಕಂಠಸ್ಪಂದನ ಶುರುವಾಗುವವರೆಗಿನ ಕಾಲ ಅಳೆಯುತ್ತಾರೆ. ಪಕಾರಕ್ಕೆ ಅದು ಚಿಕ್ಕದು, ಖಕಾರಕ್ಕೆ ದೊಡ್ಡದು. ಬಕಾರದಲ್ಲಿ ಸ್ಪಂದನ ಸ್ಫೋಟಕ್ಕೂ ಮೊದಲೇ ಶುರುವಾಗಿ, ಸ್ಪೆಕ್ಟ್ರೋಗ್ರಾಮಿನ ತಳದಲ್ಲಿ ಮಸುಕು ಪಟ್ಟಿಯಾಗಿ ಕಾಣುತ್ತದೆ, ಅಂಕಿ ಋಣವಾಗುತ್ತದೆ. ಕಕಾರಕ್ಕೆ ಪಕಾರಕ್ಕಿಂತ ಹೆಚ್ಚು ಬರುವುದು ಲೋಕರೂಢಿ, ಆದ್ದರಿಂದ ಕವನ್ನು ಖದೊಂದಿಗೆ ಮಾತ್ರ ಹೋಲಿಸಬೇಕು, ಫದೊಂದಿಗಲ್ಲ. ಭ, ಧ, ಘಗಳಿಗೆ ಈ ಅಳತೆ ಸಾಲದು. ಮುಚ್ಚುವಿಕೆಯೊಳಗೇ ಸ್ಪಂದನ ಇರುವುದರಿಂದ ಬ ಮತ್ತು ಭ ಒಂದೇ ಬಗೆಯ ಋಣಾಂಕ ಕೊಡುತ್ತವೆ, ವ್ಯತ್ಯಾಸ ಇರುವುದು ನಂತರದ ಸ್ವರದ ಮೊದಲ ಭಾಗದ ಉಸಿರಿನಲ್ಲಿ. ಅಲ್ಲಿ ಕಂಟ್ರೋಲ್ ಎಲ್ ಒತ್ತಿ ರೋಹಿತದ ಸೀಳು ತೆಗೆದು, ಮೊದಲ ಹಾರ್ಮೋನಿಕ್ ಎರಡನೆಯದಕ್ಕಿಂತ ಎಷ್ಟು ಡೆಸಿಬೆಲ್ ಎತ್ತರ ಎಂದು ನೋಡಬೇಕು. ಭೂಮಿಯನ್ನು ಬೂಮಿ ಎನ್ನುವವರ ಮಾತಿನಲ್ಲಿ ಏನೂ ಸಿಗದಿದ್ದರೆ ಅದು ಸರಿಯಾದ ಫಲಿತಾಂಶವೇ.

ಪಿಚ್: 2023ರ ಬದಲಾವಣೆ

ಪ್ರಾಟ್‌ನ ಹೆಸರು ಬೆಳೆದದ್ದು ಬೂರ್ಸ್ಮಾ 1993ರಲ್ಲಿ ಪ್ರಕಟಿಸಿದ ಪಿಚ್ ವಿಧಾನದಿಂದ. ಅಲೆಯನ್ನು ಅದರದೇ ಸರಿಸಿದ ಪ್ರತಿಯೊಂದಿಗೆ ಹೋಲಿಸುವಾಗ ಕಿಟಕಿಯ ಆಕಾರದಿಂದ ನುಸುಳುವ ದೋಷವನ್ನು ಭಾಗಿಸಿ ಕಳೆಯುವುದು ಅದರ ಜಾಣ್ಮೆ. 2023ರ 6.4 ಆವೃತ್ತಿಯಿಂದ ಎಡಿಟರಿನಲ್ಲಿ ಆ ಹಳೆಯ ವಿಧಾನದ ಜಾಗಕ್ಕೆ ಸೋಸಿದ ಧ್ವನಿಯ ಮೇಲೆ ಓಡುವ ಹೊಸ ರೂಪ ಬಂದಿದೆ, ವ್ಯಾಪ್ತಿ 50ರಿಂದ 800 ಹರ್ಟ್ಸ್. ಹಳೆಯದು ಕಚ್ಚಾ ಎಂಬ ಹೆಸರಿನಲ್ಲಿ ಉಳಿದಿದೆ, ಕಂಠದ ಆರೋಗ್ಯದ ಅಳತೆಗೆ ಅದೇ ಬೇಕು. ರಾಗದ ಏರಿಳಿತಕ್ಕೆ ಹೊಸದು ಒಳ್ಳೆಯದೆಂಬುದು ಬಳಸಿದಾಗ ಗೊತ್ತಾಗುತ್ತದೆ, ಇಮ್ಮಡಿ-ಅರ್ಧ ಜಿಗಿತಗಳು ಕಡಿಮೆ. ತೊಂದರೆ ಇರುವುದು ಹಳೆಯ ಪ್ರಬಂಧದ ಅಂಕಿಗಳ ಜೊತೆ ಹೋಲಿಸುವವರಿಗೆ. ಆವೃತ್ತಿ ಸಂಖ್ಯೆ ಮತ್ತು ವಿಧಾನ ಎರಡನ್ನೂ ಬರೆಯದ ಪಿಚ್ ಕೋಷ್ಟಕಕ್ಕೆ ಇನ್ನು ಬೆಲೆಯಿಲ್ಲ. 50ರ ಕೆಳಮಿತಿ ನಮ್ಮ ವಿದ್ಯುತ್ತಿನ ಗುಂಯ್‌ಗುಡುವಿಕೆಗೂ ಬಾಗಿಲು ತೆರೆಯುತ್ತದೆ ಎಂಬುದನ್ನೂ ಮರೆಯಬಾರದು.

ಕಚ್ಚಾ ವಿಧಾನದಲ್ಲಿ ಗಂಡಸಿಗೆ 75ರಿಂದ 300, ಹೆಂಗಸಿಗೆ 100ರಿಂದ 500 ಒಳ್ಳೆಯ ಆರಂಭ. ಕೆಳಮಿತಿ ಕಿಟಕಿಯ ಉದ್ದವನ್ನೂ ನಿರ್ಧರಿಸುತ್ತದೆ: ಮೂರು ಆವರ್ತ ಹಿಡಿಸಬೇಕು, 75ಕ್ಕೆ ಅದು 40 ಮಿಲಿಸೆಕೆಂಡ್. ಕೆಳಮಿತಿ ಇಳಿಸಿದಷ್ಟೂ ಬೇಗಬೇಗ ಬದಲಾಗುವ ಪಿಚ್ ಮಸುಕಾಗುತ್ತದೆ. "ಬಂದ" ಮತ್ತು "ಬಂದಾ?" ಹೋಲಿಸುವಾಗ ಕೊನೆಯ ಸ್ವರದಲ್ಲಿ ಉದ್ದವೂ ಪಿಚ್ಚೂ ಎರಡೂ ಬದಲಾಗುತ್ತವೆ, ಬೇರೆಬೇರೆ ಅಳೆಯಬೇಕು. ಹೇಳಿಕೆಯ ಕೊನೆಯಲ್ಲಿ ಕಂಠ ಕಿರುಗುಟ್ಟಿದರೆ ನೀಲಿ ಗೆರೆ ಮಾಯವಾಗುತ್ತದೆ ಅಥವಾ ಅರ್ಧಕ್ಕೆ ಬೀಳುತ್ತದೆ, ಅದನ್ನು ಅವರೋಹಣ ಎಂದು ಓದಬಾರದು. ಸಕಾರ ಆದ ಕೂಡಲೆ ಕಾಣುವ ಪುಟ್ಟ ಏರು, ಬ, ಡಗಳ ಬಳಿಯ ಪುಟ್ಟ ತಗ್ಗು ವ್ಯಂಜನದ ಕೈವಾಡ.

ವಾಯ್ಸ್ ರಿಪೋರ್ಟ್ ಎಂಬ ಗುಂಡಿಯನ್ನು ವಾಕ್ ಮತ್ತು ಶ್ರವಣ ವಿಭಾಗದವರು ಹೆಚ್ಚು ಒತ್ತುತ್ತಾರೆ. ಜಿಟರ್ (ಆವರ್ತದಿಂದ ಆವರ್ತಕ್ಕೆ ಕಾಲದ ಅಲುಗಾಟ), ಶಿಮ್ಮರ್ (ಅಲೆಯ ಎತ್ತರದ ಅಲುಗಾಟ), ಹಾರ್ಮೋನಿಕ್-ಗದ್ದಲ ಅನುಪಾತ ಒಂದೇ ಪುಟದಲ್ಲಿ. ಜಿಟರ್‌ಗೆ ಶೇ 1.040, ಶಿಮ್ಮರ್‌ಗೆ ಶೇ 3.810 ಎಂಬ ಗಡಿಗಳನ್ನು ಪ್ರಾಟ್‌ನ ಕೈಪಿಡಿ ಉಲ್ಲೇಖಿಸುತ್ತದೆ. ಅವು ಬೇರೊಂದು ವ್ಯವಸ್ಥೆಯದು, ಪ್ರಾಟ್‌ನದಲ್ಲ ಎಂದೂ ಅದೇ ಕೈಪಿಡಿ ಹೇಳುತ್ತದೆ. ಅರ್ಧ ವಾಕ್ಯ ಓದಿ ರೋಗ ನಿರ್ಧರಿಸುವುದು ಸರಿಯಲ್ಲ. ಆರೋಗ್ಯವಂತರು ಎಳೆದು ಹೇಳಿದ ಆಕಾರಕ್ಕೆ ಅನುಪಾತ ಸುಮಾರು 20 ಡೆಸಿಬೆಲ್ ಇರುತ್ತದೆ, ಅಂದರೆ ಶಕ್ತಿಯ ಶೇ 99 ಪಾಲು ಆವರ್ತವಾದದ್ದು. ಊಕಾರಕ್ಕೆ 40ರವರೆಗೆ ಹೋಗುತ್ತದೆ. ಆದ್ದರಿಂದ ಒಬ್ಬರ ಆಕಾರವನ್ನು ಇನ್ನೊಬ್ಬರ ಊಕಾರದೊಂದಿಗೆ ಹೋಲಿಸಿದ ಕೋಷ್ಟಕಕ್ಕೆ ಅರ್ಥವಿಲ್ಲ.

ಸ್ಕ್ರಿಪ್ಟ್

ನೂರು ಕಡತ ಕೈಯಲ್ಲಿ ಅಳೆಯುವವರಿಗೆ ಪ್ರಾಟ್‌ನ ಅತ್ಯುತ್ತಮ ಗುಣ ತಿಳಿದಿಲ್ಲ ಎಂದೇ ಹೇಳಬೇಕು. ಹೊಸ ಸ್ಕ್ರಿಪ್ಟ್ ಕಿಟಕಿ ತೆರೆದು ಕ್ಲಿಯರ್ ಹಿಸ್ಟರಿ ಒತ್ತಿ. ಮೌಸಿನಿಂದ ಒಂದು ಕಡತದ ಕೆಲಸ ಪೂರ್ತಿ ಮಾಡಿ. ಮರಳಿ ಬಂದು ಪೇಸ್ಟ್ ಹಿಸ್ಟರಿ ಒತ್ತಿದರೆ, ಮಾಡಿದ್ದೆಲ್ಲ ಆಜ್ಞೆಗಳಾಗಿ ಸಾಲಾಗಿ ಬೀಳುತ್ತದೆ. ಅದರ ಸುತ್ತ ಒಂದು ಲೂಪ್ ಹಾಕುವಷ್ಟು ಕಲಿತರೆ ಸಾಕು. ಭಾಷೆ ತುಸು ವಕ್ರ: ಪಠ್ಯದ ಚರಾಕ್ಷರಕ್ಕೆ ಬಾಲಕ್ಕೊಂದು ಡಾಲರ್ ಚಿಹ್ನೆ ಬೇಕು, ಎಣಿಕೆ 1ರಿಂದ ಶುರು. ಹೆಸರಿನಿಂದ ಆರಿಸಿದರೆ ಒಂದೇ ಹೆಸರಿನ ಎರಡು ಕಡತ ಬಂದಾಗ ತಪ್ಪಾದದ್ದು ಸಿಕ್ಕೀತು, ಆದ್ದರಿಂದ ಕ್ರಮಸಂಖ್ಯೆಯಿಂದ ಆರಿಸಬೇಕು.

ಪಿಚ್ ಇಲ್ಲದ ಜಾಗದಲ್ಲಿ ಪ್ರಾಟ್ ಸೊನ್ನೆ ಕೊಡುವುದಿಲ್ಲ, ಅಡ್ಡಗೆರೆಗಳ ನಡುವೆ ಅನ್‌ಡಿಫೈನ್ಡ್ ಎಂದು ಬರೆಯುತ್ತದೆ. ಅದು ಸರಿಯಾದ ನಡವಳಿಕೆ. ಎಕ್ಸೆಲ್‌ನಲ್ಲಿ ಅದನ್ನು ಸೊನ್ನೆಯಿಂದ ಬದಲಿಸಿ ಸರಾಸರಿ ತೆಗೆದವರ ಪಿಚ್ ಕೋಷ್ಟಕದಲ್ಲಿ ಹೆಂಗಸರು ಗಂಡಸರ ಕಂಠದಲ್ಲಿ ಮಾತಾಡುತ್ತಾರೆ. ಆ ಕೋಶಗಳನ್ನು ಖಾಲಿ ಬಿಡಬೇಕು. ಪೈಥಾನ್ ಬಲ್ಲವರಿಗೆ ಪಾರ್ಸೆಲ್‌ಮೌತ್ ಎಂಬ ಗ್ರಂಥಾಲಯವಿದೆ, ಪ್ರಾಟ್‌ನದೇ ಮೂಲಸಂಕೇತವನ್ನು ಒಳಗಿಂದ ಕರೆಯುವುದರಿಂದ ಲೆಕ್ಕಾಚಾರ ಅದೇ. ಯಾವ ಆವೃತ್ತಿಯ ಪ್ರಾಟ್ ಒಳಗಿದೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಪರ್ಯಾಯಗಳೂ ಇವೆ. ವಿಡಿಯೊ ಜೊತೆಗಿನ ಸಂಭಾಷಣೆ ಬರೆದಿಡಲು ನೈಮೆಗನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಎಲಾನ್ ಮೇಲು, ಅದು ಪ್ರಾಟ್‌ನ ಟೆಕ್ಸ್ಟ್‌ಗ್ರಿಡ್ ಓದುತ್ತದೆ. ಬರೀ ಕತ್ತರಿಸಿ ಅಂಟಿಸಲು ಆಡಾಸಿಟಿ ಸಾಕು. ಅಳೆಯಲು ಮಾತ್ರ ಪ್ರಾಟ್‌ಗೆ ಸಾಟಿ ಕಾಣದು. ಮೆನುಗಳು ಇಂಗ್ಲಿಷಿನಲ್ಲೇ, ಕೈಪಿಡಿಯೂ. ಆ ಕೈಪಿಡಿ ತಂತ್ರಾಂಶದೊಳಗೇ ಇದೆ, ಇಂಟರ್ನೆಟ್ ಬೇಡ, ಯಾವ ಸಂಖ್ಯೆ ಎಲ್ಲಿಂದ ಬಂತೆಂದು ಸೂತ್ರಸಹಿತ ಹೇಳುತ್ತದೆ.

ಅಳತೆಗಿಂತ ಮುಂದೆ ಹೋಗಬಯಸುವವರಿಗೆ ಮ್ಯಾನಿಪ್ಯುಲೇಷನ್ ಇದೆ. ಪಾತಿಯ ಆಕಾರವನ್ನು ಹಂತಹಂತವಾಗಿ ಮೊಟಕು ಮಾಡಿ, ಕೇಳುವವರಿಗೆ ಎಲ್ಲಿ ಪತಿ ಆಗುತ್ತದೆ ಎಂದು ಪರೀಕ್ಷಿಸಬಹುದು. ಕೇಳಿಸುವ ಪರೀಕ್ಷೆಯನ್ನೂ ಪ್ರಾಟ್‌ನಲ್ಲೇ ನಡೆಸಬಹುದು. ಕಾಲಾವಧಿಯ ಪಟ್ಟಿಯಲ್ಲಿ ಸ್ವರದ ಎರಡು ಗಡಿಗಳ ಹೊರಗೆ ಮೌಲ್ಯ 1 ಇರುವಂತೆ ಒಂದೊಂದು ಬಿಂದು, ಒಳಗೆ ಬೇಕಾದ ಮೌಲ್ಯದ ಎರಡು ಬಿಂದು, ಒಟ್ಟು ನಾಲ್ಕು. ಹೊರಗಿನವನ್ನು ಮರೆತರೆ ಇಡೀ ವಾಕ್ಯವೇ ಕುಗ್ಗುತ್ತದೆ. ಕತೆಯನ್ನು ಕತ್ತೆ ಮಾಡಲು ಇಷ್ಟೆಲ್ಲ ಬೇಡ: ಮುಚ್ಚುವಿಕೆ ಮೌನವೇ ಆದ್ದರಿಂದ ಅದರ ಒಂದು ತುಂಡನ್ನೇ ಆರಿಸಿ, ನಕಲಿಸಿ, ಅಲ್ಲೇ ಅಂಟಿಸಿದರೆ ಆಯಿತು. ಕತ್ತರಿಸುವ ಎರಡೂ ತುದಿಗಳನ್ನು, ಮೊದಲ ತುದಿಗೆ ಕಂಟ್ರೋಲ್ ಅಲ್ಪವಿರಾಮ, ಕೊನೆಯ ತುದಿಗೆ ಕಂಟ್ರೋಲ್ ಚುಕ್ಕೆ ಒತ್ತಿ, ಅಲೆ ಶೂನ್ಯ ದಾಟುವ ಜಾಗಕ್ಕೆ ಸರಿಸಬೇಕು. ಇಲ್ಲದಿದ್ದರೆ ಜೋಡಣೆಯಲ್ಲಿ ಟಿಕ್ ಎಂಬ ಸದ್ದು ಹುಟ್ಟಿ, ಕೇಳುವವರು ಅದನ್ನೇ ತಕಾರದ ಸ್ಫೋಟವೆಂದು ಎಣಿಸುತ್ತಾರೆ.